ಮದುವೆ ಸೀಸನ್‌ನಲ್ಲೇ ಕಂಪ್ಯೂಟರ್ ಪದೇ ಪದೇ ಆಫ್ ಆಗುತ್ತಿದೆ, ಎಲ್ಲಿಂದ ಹುಡುಕಲು ಶುರು ಮಾಡಲಿ?

ಹಂಚಿನಮನೆ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರದ ಹತ್ತಿರದ ಒಂದು ಹಳ್ಳಿಯವಳು. ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾಗದ, ಉಪನಯನದ ಕಾಗದ, ದೇವಸ್ಥಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಇಂಥವು. ಏಪ್ರಿಲ್, ಮೇ ಅಂದರೆ ನನಗೆ ವರ್ಷದ ಅರ್ಧ ದುಡಿಮೆ. ಸರಿಯಾಗಿ ಈ ಹೊತ್ತಿಗೇ ಕಂಪ್ಯೂಟರ್ ಕೈಕೊಡುತ್ತಿದೆ.

2019ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಮ್ಮ ಜೋಡಿಸಿ ತಂದುಕೊಟ್ಟದ್ದು. ಇಂಟೆಲ್ ಐ5-9400, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, 240 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್. ರ್‍ಯಾಮ್ ಮೊದಲು 8 ಜಿಬಿ ಇತ್ತು. ಕಳೆದ ದೀಪಾವಳಿಗೆ ಇನ್ನೊಂದು 8 ಜಿಬಿ ಸೆಕೆಂಡ್ ಹ್ಯಾಂಡ್ ಹಾಕಿಸಿದೆ. ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ) ಕ್ಯಾಬಿನೆಟ್ ಜೊತೆಗೇ ಬಂದದ್ದು. ವಿಂಡೋಸ್ 11. ಮನೆಯ ಇನ್ವರ್ಟರ್ ಲೈನಿನಲ್ಲಿದೆ, ಬೇರೆ ಯುಪಿಎಸ್ ಇಲ್ಲ.

ಆಗುವುದು ಏನೆಂದರೆ, ಕೋರೆಲ್‌ಡ್ರಾ ತೆರೆದು ನುಡಿಯಲ್ಲಿ ಟೈಪ್ ಮಾಡುತ್ತಾ ಇರುತ್ತೇನೆ, ಫಕ್ಕನೆ ಕಪ್ಪಾಗಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಒಂದೊಂದು ಸಲ ನೀಲಿ ಸ್ಕ್ರೀನ್ ಬಂದು ಏನೋ ಇಂಗ್ಲಿಷಿನಲ್ಲಿ ಬರೆದುಕೊಂಡು ಆಮೇಲೆ ರೀಸ್ಟಾರ್ಟ್. ದಿನಕ್ಕೆ ಎರಡು ಸಲ ಆದದ್ದೂ ಇದೆ, ಮೂರು ದಿನ ಸುಮ್ಮನೆ ಇದ್ದದ್ದೂ ಇದೆ. ಪೇಟೆಯ ಒಂದು ಅಂಗಡಿಗೆ ಒಯ್ದೆ. ಎರಡು ದಿನ ಇಟ್ಟುಕೊಂಡರು, ಅಲ್ಲಿ ಒಮ್ಮೆಯೂ ಆಫ್ ಆಗಲಿಲ್ಲವಂತೆ. ಆದರೂ "ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ" ಅಂದರು. ಅಷ್ಟು ದುಡ್ಡು ಈಗ ಕೈಯಲ್ಲಿ ಇಲ್ಲ. ನಿಜವಾಗಿ ಮದರ್‌ಬೋರ್ಡೇ ಹೋಗಿದೆಯಾ ಅಂತ ತಿಳಿಯುವುದು ಹೇಗೆ?

ತುಂಗಾತೀರ · ಸೋಮವಾರ ರಾತ್ರಿ 10:05

ಅಕ್ಕ, ಮೊದಲು ಒಂದು ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹೊಸದಾಗಿ ಹಾಕಿ. ನೀಲಿ ಸ್ಕ್ರೀನ್ ಜಾಸ್ತಿ ಬರುವುದೇ ಡ್ರೈವರ್ ಕೆಟ್ಟಿದ್ದಕ್ಕೆ. ನಮ್ಮ ಹಾಸ್ಟೆಲ್‌ನಲ್ಲಿ ಮೂರು ಜನರದ್ದು ಹಾಗೇ ಸರಿಯಾಯಿತು.

ಕಡಲಬದಿ · ಸೋಮವಾರ ರಾತ್ರಿ 10:30

ಬಿಸಿಯಾಗಿ ಆಫ್ ಆಗುತ್ತಿರಬಹುದು. ಆರು ವರ್ಷಕ್ಕೆ ಮೇಲಾಯಿತು, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಮಣ್ಣಾಗಿರುತ್ತದೆ. ಫ್ಯಾನಿನ ಕೆಳಗೆ ದೂಳು ಕಂಬಳಿಯ ಹಾಗೆ ಕೂತಿರುತ್ತದೆ. ನಾನು ಕುಂದಾಪುರದವನು, ಇಲ್ಲಿ ಉಪ್ಪುಗಾಳಿಗೆ ಸ್ಕ್ರೂ ಕೂಡ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಬ್ರಷ್ ಹಾಕಲೇಬೇಕು.

ಬೆಸುಗೆಕಡ್ಡಿ · ಸೋಮವಾರ ರಾತ್ರಿ 11:15

ಅಕ್ಕಾವ್ರೆ, ಸ್ವಲ್ಪ ತಡೀರಿ. ಫಾರ್ಮ್ಯಾಟ್ ಬೇಡ, ಪೇಸ್ಟ್ ಬೇಡ, ಇವತ್ತು ಏನೂ ಬಿಚ್ಚಬೇಡ್ರಿ. ನಾನು ಹುಬ್ಬಳ್ಳಿಯಲ್ಲಿ 18 ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ನೀವು ಬರೆದದ್ದರಲ್ಲೇ ಒಂದು ದೊಡ್ಡ ಸುಳಿವು ಇದೆ. ಅಂಗಡಿಯಲ್ಲಿ ಎರಡು ದಿನ ಒಮ್ಮೆಯೂ ಆಫ್ ಆಗಲಿಲ್ಲ, ಮನೆಗೆ ಬಂದರೆ ಆಗುತ್ತದೆ. ಹಾಗಾದರೆ ಡಬ್ಬಿಯ ಒಳಗಷ್ಟೇ ನೋಡಿದರೆ ಸಾಲದು, ಮನೆಯ ಗೋಡೆಯ ಪ್ಲಗ್ಗನ್ನೂ ನೋಡಬೇಕು.

ಇನ್ನೊಂದು. ನೀವು ಹೇಳಿದ್ದು ಒಂದು ಕಾಯಿಲೆ ಅಲ್ಲ, ಎರಡು. ಏನೂ ಹೇಳದೆ ಕಪ್ಪಾಗುವುದು ಬೇರೆ, ನೀಲಿ ಸ್ಕ್ರೀನ್ ಬರುವುದು ಬೇರೆ. ನೀಲಿ ಸ್ಕ್ರೀನ್ ಬಂತು ಅಂದರೆ ವಿಂಡೋಸ್‌ಗೆ "ಇಲ್ಲಿ ತಪ್ಪಾಯಿತು" ಅಂತ ಬರೆದಿಡುವಷ್ಟಾದರೂ ಪುರುಸೊತ್ತು ಸಿಕ್ಕಿದೆ ಅಂತ. ಸುಮ್ನೆ ಕಪ್ಪಾದರೆ ಅದಕ್ಕೂ ಟೈಮ್ ಇರಲಿಲ್ಲ ಅಂತ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿಕೊಂಡರೆ ಯಾವ ಪಾರ್ಟ್ ಬದಲಿಸಿದರೂ ಸಮಾಧಾನ ಸಿಗುವುದಿಲ್ಲ. ಎಷ್ಟೋ ಜನ ಅರ್ಧ ವಾಸಿಯಾದದ್ದನ್ನು "ಏನೂ ಉಪಯೋಗ ಆಗಲಿಲ್ಲ" ಅಂತ ಬಿಟ್ಟುಬಿಡುತ್ತಾರೆ.

ಈಗ ನೀವು ಮಾಡಬೇಕಾದದ್ದು ಇಷ್ಟೇ. ಒಂದು ಹಾಳೆ ತಗೊಳ್ರಿ. ಪ್ರತಿ ಸಲ ಆಫ್ ಆದಾಗ ಗಂಟೆ, ನಿಮಿಷ ಬರೀರಿ. ಕಪ್ಪೋ ನೀಲಿಯೋ ಬರೀರಿ. ಆಗ ಮನೆಯಲ್ಲಿ ಏನು ನಡೆಯುತ್ತಿತ್ತು, ಮಿಕ್ಸಿ, ಪಂಪು, ಇಸ್ತ್ರಿ, ಕರೆಂಟು ಹೋಯಿತಾ ಬಂತಾ, ಎಲ್ಲಾ. ಆಮೇಲೆ ಸ್ಟಾರ್ಟ್ ಒತ್ತಿ ಈವೆಂಟ್ ವ್ಯೂವರ್ ತೆರೀರಿ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್. ಅಲ್ಲಿ ಕರ್ನಲ್-ಪವರ್ 41 ಅನ್ನುವುದು ಕೆಂಪು ಗುರುತಿನಲ್ಲಿ ಇರುತ್ತದೆ. ಅದರ ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್, ಅಂದರೆ ನೀಲಿ ಸ್ಕ್ರೀನಿನ ತಪ್ಪಿನ ನಂಬರು, ಎಷ್ಟು ಅಂತ ನೋಡಿ ಹೇಳ್ರಿ. ಬಿಸಿ ಎಷ್ಟಿದೆ ಅಂತ ಎಚ್‌ಡಬ್ಲ್ಯುಇನ್ಫೋ ಅನ್ನುವ ಸಾಫ್ಟ್‌ವೇರಿನಲ್ಲಿ ನೋಡಬಹುದು.

ಎಲ್ಲಕ್ಕಿಂತ ಮೊದಲು, ಗಿರಾಕಿಗಳ ಫೈಲ್ ಎಲ್ಲಾ ಇವತ್ತು ರಾತ್ರಿಯೇ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ರಿ.

ಹಂಚಿನಮನೆ · ಬುಧವಾರ ಬೆಳಿಗ್ಗೆ 11:20

ಫೈಲ್ ಎಲ್ಲಾ ಕಾಪಿ ಆಯಿತು. ಕೋರೆಲ್ ತಾನಾಗಿ ಇಟ್ಟುಕೊಳ್ಳುವ ಬ್ಯಾಕಪ್ ಫೈಲ್‌ಗಳನ್ನೂ ಸೇರಿಸಿ ಇಟ್ಟೆ.

ಈವೆಂಟ್ ವ್ಯೂವರ್ ತೆರೆದು ಕೂತು ಎಣಿಸಿದೆ. ಜನವರಿಯಿಂದ ಇಲ್ಲಿಯವರೆಗೆ ಕರ್ನಲ್-ಪವರ್ 41 ಒಟ್ಟು 34 ಇವೆ. ಅದರಲ್ಲಿ 29ಕ್ಕೆ ಬಗ್‌ಚೆಕ್ ಕೋಡ್ 0. ಉಳಿದ ಐದರಲ್ಲಿ 26, 80, 10, 26, 80 ಅಂತ ಇದೆ. ಇದನ್ನು ನೋಡಿದ ಮೇಲೆ ಎರಡು ಕಾಯಿಲೆ ಅಂತ ನೀವು ಹೇಳಿದ್ದು ನನಗೂ ಅರ್ಥವಾಯಿತು.

ಬಿಸಿ ನೋಡಿದೆ. ಸುಮ್ನೆ ಇದ್ದಾಗ 41 ಡಿಗ್ರಿ. ದೊಡ್ಡ ಫೈಲ್ ಪಿಡಿಎಫ್ ಮಾಡುವಾಗ 70 ದಾಟಲಿಲ್ಲ.

ಬೆಸುಗೆಕಡ್ಡಿ · ಬುಧವಾರ ಮಧ್ಯಾಹ್ನ 1:10

ಭಾಳ ಚೊಲೋ ಕೆಲಸ ಮಾಡಿದ್ರಿ. ಬಿಸಿಯ ಮಾತು ಇಲ್ಲಿಗೆ ಮುಗೀತು. ಈ ಪ್ರೊಸೆಸರ್‌ಗೆ ಮಿತಿ 100 ಡಿಗ್ರಿ, ಅದರ ಹತ್ತಿರ ಹೋದರೂ ಮೊದಲು ತಾನೇ ನಿಧಾನ ಆಗುತ್ತದೆ, ಆಮೇಲೆ ಆಫ್. 70ಕ್ಕೆ ಏನೂ ಆಗುವುದಿಲ್ಲ.

ಕರ್ನಲ್-ಪವರ್ 41ರ ಜೊತೆ ಕೋಡ್ ಸೊನ್ನೆ ಅಂದರೆ ವಿಂಡೋಸ್ ಯಾವ ತಪ್ಪನ್ನೂ ಬರೆದಿಟ್ಟಿಲ್ಲ, ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಅಷ್ಟೇ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಹೀಗೇ ಬರುತ್ತದೆ, ಪೂರ್ತಿ ಹ್ಯಾಂಗ್ ಆಗಿ ಸತ್ತರೂ ಬರುತ್ತದೆ. ಆದರೆ ನಿಮ್ಮದು ತಾನಾಗಿ ಕಪ್ಪಾಗುತ್ತಿದೆ, ಅದೂ 29 ಸಲ. ಹಾಗಾಗಿ ನನ್ನ ಬೆರಳು ಕರೆಂಟಿನ ಕಡೆಗೇ. ಎಸ್‌ಎಂಪಿಎಸ್, ಇಲ್ಲಾ ಅದಕ್ಕಿಂತ ಹಿಂದಿನದು.

ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ ಇನ್‌ಪುಟ್ ಎಷ್ಟು ವೋಲ್ಟ್ ಅಂತ ಬರೆದಿದೆ ನೋಡ್ರಿ. 100-240 ಇದೆಯೋ, 200-240 ಇದೆಯೋ, ಬರೀ 230 ಇದೆಯೋ. ಹೊರಗಿನಿಂದಲೇ ಓದ್ರಿ, ಅದನ್ನು ಮಾತ್ರ ಯಾವತ್ತೂ ಬಿಚ್ಚಬೇಡ್ರಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ತುಂಗಾತೀರ · ಬುಧವಾರ ಸಂಜೆ 4:45

ಫಾರ್ಮ್ಯಾಟ್ ಮಾಡಿ ಅಂದದ್ದು ನನ್ನ ತಪ್ಪು, ಅಕ್ಕ. ಕೋಡ್ ಕೇಳದೆ ಹೇಳಬಾರದಿತ್ತು. ಆ ಐದು ನೀಲಿ ಸ್ಕ್ರೀನ್ ನನಗೆ ಬಿಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅಂತ ಇನ್ನೊಂದು ಫೋಲ್ಡರ್ ಇದೆ. ಅದರಲ್ಲಿರುವ ಫೈಲ್‌ಗಳನ್ನು ಜಿಪ್ ಮಾಡಿ ಕಳಿಸಿ, ಅಂಥ ಫೈಲ್ ತೆರೆಯುವ ವಿನ್‌ಡಿಬಿಜಿ ಸಾಫ್ಟ್‌ವೇರಿನಲ್ಲಿ ನಾನು ಓದುತ್ತೇನೆ.

ಈವೆಂಟ್ ವ್ಯೂವರ್ ಈ ಕೋಡನ್ನು ನಾವು ದಿನಾ ಎಣಿಸುವ ಹತ್ತರ ಲೆಕ್ಕದಲ್ಲಿ ತೋರಿಸುತ್ತದೆ. ನೀಲಿ ಸ್ಕ್ರೀನಿನ ಪಟ್ಟಿಗಳು ಹದಿನಾರರ ಲೆಕ್ಕದಲ್ಲಿ ಇರುತ್ತವೆ. ಹಾಗಾಗಿ 26 ಅಂದರೆ ಅಲ್ಲಿ 1ಎ, ಮೆಮೊರಿ ಮ್ಯಾನೇಜ್‌ಮೆಂಟ್. 80 ಅಂದರೆ 50, ಪೇಜ್ ಫಾಲ್ಟ್. 10 ಅಂದರೆ ಎ, ಐಆರ್‌ಕ್ಯೂಎಲ್ ಅಂತ ಶುರುವಾಗುವ ದೋಷ. ಬರೀ 26 ಅಂತ ನೆಟ್‌ನಲ್ಲಿ ಹುಡುಕಿದರೆ ದಾರಿ ತಪ್ಪುತ್ತದೆ.

ಹಂಚಿನಮನೆ · ಗುರುವಾರ ರಾತ್ರಿ 8:50

ಡಂಪ್ ಫೈಲ್ ಕಳಿಸಿದ್ದೇನೆ ತಮ್ಮ. ಎಸ್‌ಎಂಪಿಎಸ್ ಚೀಟಿಯಲ್ಲಿ 200-240 ಅಂತ ಇದೆ.

ಟೈಮ್ ಬರೆಯುವುದಕ್ಕೆ ಅಡುಗೆಮನೆಯ ಕ್ಯಾಲೆಂಡರನ್ನೇ ಇಟ್ಟುಕೊಂಡೆ, ಹಾಲಿನ ಲೆಕ್ಕ ಬರೆಯುವುದು. ಮಂಗಳವಾರ ಬೆಳಿಗ್ಗೆ 6:35. ಬುಧವಾರ ಸಂಜೆ 5:10. ಇವತ್ತು ಬೆಳಿಗ್ಗೆ 6:40. ಹಳೆಯದನ್ನು ಈವೆಂಟ್ ವ್ಯೂವರ್‌ನಿಂದ ಬರೆದುಕೊಂಡೆ. ಆ 29ರಲ್ಲಿ 21 ಇದೇ ಹೊತ್ತಿನಲ್ಲಿ ಇವೆ, ಬೆಳಿಗ್ಗೆ ಆರೂವರೆಯ ಆಚೀಚೆ, ಸಂಜೆ ಐದರ ಆಚೀಚೆ. ನೋಡಿ ಮೈ ಜುಮ್ ಅಂತು. ಅದು ಮಾವ ಬಾವಿಯ ಪಂಪು ಹಾಕುವ ಹೊತ್ತು.

ಇವತ್ತು ಸಂಜೆ ಬೇಕಂತಲೇ ಕಂಪ್ಯೂಟರ್ ಮುಂದೆ ಕೈಕಟ್ಟಿ ಕೂತೆ. ಮಾವನಿಗೆ ಕೂಗಿ ಪಂಪು ಹಾಕಿ ಅಂದೆ. ಜಗಲಿಯ ಬಲ್ಬು ಮೊದಲು ಕೆಂಪಗಾಯಿತು, ಮೊಂಬತ್ತಿಯಷ್ಟು. ಫ್ಯಾನಿನ ಸದ್ದು ಇಳಿಯಿತು. ಆಮೇಲೆ ಕ್ಯಾಬಿನೆಟ್ ಒಳಗೆ ಟಕ್ ಅಂತ ಸಣ್ಣ ಸದ್ದು, ಮಾನಿಟರ್ ಕಪ್ಪು. ಅಷ್ಟರಲ್ಲಿ ಬಲ್ಬು ಮತ್ತೆ ಬೆಳ್ಳಗಾಯಿತು, ಕಂಪ್ಯೂಟರ್ ತಾನಾಗಿ ಶುರುವಾಯಿತು. ಇನ್ವರ್ಟರ್ ಮಾತ್ರ ಏನೂ ಮಾಡಲಿಲ್ಲ. ಕರೆಂಟು ಹೋದಾಗ ಅದು ಕೂಗುತ್ತದೆ, ಈಗ ಕೂಗಲೇ ಇಲ್ಲ. ಮೂರು ಸಲ ಪಂಪು ಹಾಕಿಸಿದೆ, ಎರಡು ಸಲ ಹೀಗಾಯಿತು.

ಇಷ್ಟು ತಿಂಗಳು ಇದು ನನ್ನ ಕಣ್ಣೆದುರೇ ಆಗುತ್ತಿತ್ತಲ್ಲ! ಆದರೆ ಇನ್ವರ್ಟರ್ ಇದ್ದೂ ಹೀಗೆ ಯಾಕೆ?

ವಯರಿಂಗ್‌ಮನೆ · ಗುರುವಾರ ರಾತ್ರಿ 9:30

ನಾನು ಎಲೆಕ್ಟ್ರಿಷಿಯನ್, ಹಾಸನದ ಕಡೆಯವನು. ಇದಕ್ಕೆ ನಾನು ಉತ್ತರ ಹೇಳುತ್ತೇನೆ ಮೇಡಂ.

ಇನ್ವರ್ಟರ್ ಹಿಂಭಾಗದಲ್ಲೋ ಮುಂದೆಯೋ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ನಾರ್ಮಲ್‌ನಲ್ಲಿದ್ದರೆ ವೋಲ್ಟೇಜ್ ಸುಮಾರು 100ರವರೆಗೆ ಇಳಿದರೂ ಅದು ಬ್ಯಾಟರಿಗೆ ಹೋಗುವುದಿಲ್ಲ, ಬಂದ ಕರೆಂಟನ್ನೇ ಹಾಗೇ ಮುಂದೆ ಬಿಡುತ್ತದೆ. ಫ್ಯಾನು, ಲೈಟಿಗೆ ಅದು ಸಾಕು. ಯುಪಿಎಸ್ ಕಡೆಗಿದ್ದರೆ 180ರ ಹತ್ತಿರವೇ ಬ್ಯಾಟರಿಗೆ ಹಾರುತ್ತದೆ, ಅದೂ ಬೇಗ, 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿ. ನಾರ್ಮಲ್‌ನಲ್ಲಿ 40ರವರೆಗೂ ಹೋಗಬಹುದು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ, ನಿಮ್ಮ ಇನ್ವರ್ಟರ್ ಪುಸ್ತಕದಲ್ಲಿ ನೋಡಿ.

ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಒಳ್ಳೆಯ ಎಸ್‌ಎಂಪಿಎಸ್ ಕರೆಂಟು ಇಲ್ಲದೆ 16-17 ಮಿಲಿಸೆಕೆಂಡ್ ತಡೆಯಬೇಕು ಅಂತ ಲೆಕ್ಕ. ಹಳೆಯದಾದ ಹಾಗೆ ಅದರ ಕೆಪಾಸಿಟರ್ ಸೋತು ಅಷ್ಟೂ ತಡೆಯುವುದಿಲ್ಲ. ನಿಮ್ಮದು 200ರ ಕೆಳಗೆ ಕೆಲಸ ಮಾಡುತ್ತೇನೆ ಅಂತ ಮಾತು ಕೊಟ್ಟೇ ಇಲ್ಲ.

ಇನ್ನು ಪಂಪು. 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ 5-6 ಆಂಪ್ಸ್ ತಗೊಂಡರೆ, ಶುರುವಾಗುವ ಆ ಒಂದು ಕ್ಷಣ ಅದರ ಐದಾರು ಪಟ್ಟು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ದೂರ ಇದ್ದು, ಲೈನಿನ ಕೊನೆಯ ಮನೆ ನಿಮ್ಮದಾಗಿದ್ದರೆ ವೋಲ್ಟೇಜ್ ಕುಸಿಯಲೇಬೇಕು. ಆದರೆ ಬಲ್ಬು ಮೊಂಬತ್ತಿಯಷ್ಟು ಆಯಿತು ಅಂದಿರಲ್ಲ, ಅದು ನನಗೆ ಹೆದರಿಕೆ ತರಿಸಿತು. ಎಲ್ಲೋ ಜಾಯಿಂಟ್ ಸಡಿಲ ಇರಬೇಕು. ಸಡಿಲ ಜಾಯಿಂಟ್ ಬಿಸಿಯಾಗಿ ಸುಡುತ್ತದೆ, ಅದರಿಂದ ಮನೆಗೇ ಅಪಾಯ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ನ್ಯೂಟ್ರಲ್ ಜಾಯಿಂಟ್ ನೋಡಲು ಹೇಳಿ. ಮೀಟರಿನ ಸೀಲ್ ಮುಟ್ಟಬಾರದು, ಅಲ್ಲಿ ಏನಾದರೂ ಇದ್ದರೆ ಲೈನ್‌ಮನ್ನೇ ಬರಬೇಕು.

ಕಡಲಬದಿ · ಗುರುವಾರ ರಾತ್ರಿ 10:00

ಹಾಗಾದರೆ ಒಂದು ಸ್ಟೆಬಿಲೈಜರ್ ಹಾಕಿದರೆ ಮುಗಿಯಿತಲ್ವಾ? ಅಥವಾ ಒಳ್ಳೆಯ ಸ್ಪೈಕ್ ಗಾರ್ಡ್?

ಬೆಸುಗೆಕಡ್ಡಿ · ಗುರುವಾರ ರಾತ್ರಿ 10:40

ಇಲ್ಲ ಸರ್. ಸ್ಪೈಕ್ ಗಾರ್ಡ್ ಏರಿದ ವೋಲ್ಟೇಜನ್ನು ತಡೆಯಲು ಇರುವುದು, ಇಳಿದದ್ದನ್ನು ಅದು ಎತ್ತಿ ಕೊಡುವುದಿಲ್ಲ. ಜನ ಅದನ್ನು ಹಾಕಿ ಎಲ್ಲಾ ಸರಿಯಾಯಿತು ಅಂದುಕೊಳ್ಳುತ್ತಾರೆ. ರಿಲೇ ಇರುವ ಸ್ಟೆಬಿಲೈಜರ್ ಫ್ರಿಜ್ಜಿಗೆ ಸರಿ. ಪಂಪು ಶುರುವಾಗುವ ಆ ಅರೆ ಕ್ಷಣಕ್ಕೆ ಅದರ ರಿಲೇ ಟಪ್ ಅಂತ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಹೋಗಿರುತ್ತದೆ.

ಅಕ್ಕಾವ್ರೆ, ಸದ್ಯಕ್ಕೆ ಇನ್ವರ್ಟರ್ ಯುಪಿಎಸ್ ಕಡೆಗೆ ಹಾಕ್ರಿ, ದುಡ್ಡು ಖರ್ಚಿಲ್ಲದ ಕೆಲಸ. ಒಂದು ತೊಂದರೆ ಇದೆ. ಸಂಜೆ ಏಳರಿಂದ ಒಂಬತ್ತರವರೆಗೆ ನಿಮ್ಮಲ್ಲಿ ವೋಲ್ಟೇಜ್ 180ರ ಕೆಳಗೇ ಇದ್ದರೆ, ಕರೆಂಟು ಇದ್ದರೂ ಇನ್ವರ್ಟರ್ ಬ್ಯಾಟರಿಯಲ್ಲೇ ಓಡುತ್ತದೆ, ಚಾರ್ಜ್ ಆಗುವುದಿಲ್ಲ. ಆಮೇಲೆ ನಿಜವಾಗಿ ಕರೆಂಟು ಹೋದಾಗ ಬ್ಯಾಟರಿ ಖಾಲಿ. ಹಾಗಾಗಿ ಇದು ನಾಲ್ಕು ದಿನದ ಉಪಾಯ ಅಷ್ಟೇ. ಅಷ್ಟರೊಳಗೆ ಜಾಯಿಂಟ್ ನೋಡಿಸ್ರಿ.

ವಯರಿಂಗ್‌ಮನೆ · ಗುರುವಾರ ರಾತ್ರಿ 11:05

ಸಂಬಂಧ ಇಲ್ಲದ ಒಂದು ಮಾತು, ಆದರೆ ಕೇಳದೆ ಇರಲು ಮನಸ್ಸು ಬರುತ್ತಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯಾ?

ಹಂಚಿನಮನೆ · ಶುಕ್ರವಾರ ಬೆಳಿಗ್ಗೆ 7:15

ಹೌದು ಸರ್! ಬರಿಗಾಲಿನಲ್ಲಿ ಇದ್ದಾಗ ಹಿಂದಿನ ಸ್ಕ್ರೂ ಹತ್ತಿರ ಕೈ ತಗುಲಿದರೆ ಜುಮ್ ಅನ್ನುತ್ತದೆ. ಹಳೆಯ ಕಂಪ್ಯೂಟರ್ ಹಾಗೇ ಅಂತ ಬಿಟ್ಟಿದ್ದೆ. ಮಗಳು ಅಲ್ಲಿ ಪೆನ್‌ಡ್ರೈವ್ ಹಾಕುವಾಗ ಒಮ್ಮೆ ಕೂಗಿಕೊಂಡಿದ್ದಳು.

ಇನ್ವರ್ಟರ್ ಸ್ವಿಚ್ ನಾರ್ಮಲ್‌ನಲ್ಲೇ ಇತ್ತು. ನಿನ್ನೆ ರಾತ್ರಿ ಬದಲಿಸಿದೆ. ಇವತ್ತು ಬೆಳಿಗ್ಗೆ ಪಂಪು ಹಾಕಿದಾಗ ಇನ್ವರ್ಟರ್ ಒಮ್ಮೆ ಕೂಗಿತು, ಕಂಪ್ಯೂಟರ್ ಓಡುತ್ತಲೇ ಇತ್ತು.

ವಯರಿಂಗ್‌ಮನೆ · ಶುಕ್ರವಾರ ಬೆಳಿಗ್ಗೆ 8:00

ಮೇಡಂ, ಅದು ಹಳೆಯದಾದ್ದಕ್ಕೆ ಅಲ್ಲ, ಅರ್ತಿಂಗ್ ಇಲ್ಲದ್ದಕ್ಕೆ. ಎಸ್‌ಎಂಪಿಎಸ್ ಒಳಗೆ ಫಿಲ್ಟರಿಗೆ ಅಂತ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ, ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು, ಎರಡೂ ಬಾಡಿಗೆ ಸೇರುತ್ತವೆ. ಅರ್ತ್ ಸರಿ ಇದ್ದರೆ ಅದರಿಂದ ಸೋರುವ ಚೂರು ಕರೆಂಟು ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಬಾಡಿಯ ಮೇಲೆ ಸುಮಾರು ಅರ್ಧ ವೋಲ್ಟೇಜ್ ನಿಲ್ಲುತ್ತದೆ. ಕರೆಂಟು ತೀರಾ ಸಣ್ಣದು, ಹಾಗಾಗಿ ಜುಮ್ ಅನ್ನುವುದರಲ್ಲಿ ಮುಗಿಯುತ್ತದೆ. ಆದರೆ ಅದೇ ಮನೆಯಲ್ಲಿ ಗೀಸರ್ರೋ ಪಂಪೋ ನಿಜವಾಗಿ ಬಾಡಿಗೆ ಶಾರ್ಟ್ ಆದರೆ ಕಾಪಾಡಲು ಏನೂ ಇರುವುದಿಲ್ಲ. ಮಗು ಇರುವ ಮನೆ. ಜಾಯಿಂಟ್ ನೋಡಲು ಬಂದವರ ಹತ್ತಿರ ಇದನ್ನೂ ಅದೇ ದಿನ ಮಾಡಿಸಿ. ಮಧ್ಯದಲ್ಲಿ ಎರಡು ಪಿನ್ನಿನ ಪ್ಲಗ್ ಏನಾದರೂ ಇದೆಯಾ ನೋಡಿ. ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತದೆ, ಎರಡು ಕೊಡ ನೀರು ಹಾಕಿಸಿ.

ತುಂಗಾತೀರ · ಶುಕ್ರವಾರ ಸಂಜೆ 6:20

ಐದೂ ಡಂಪ್ ಓದಿದೆ ಅಕ್ಕ. ಒಂದರಲ್ಲಿ ವಿಂಡೋಸ್‌ನ ಕರ್ನಲ್ ಫೈಲನ್ನೇ ದೂರುತ್ತದೆ. ಒಂದರಲ್ಲಿ ಎನ್‌ಟಿಎಫ್‌ಎಸ್ ಡ್ರೈವರ್. ಒಂದರಲ್ಲಿ ಇಂಟೆಲ್ ಗ್ರಾಫಿಕ್ಸ್. ಉಳಿದ ಎರಡರಲ್ಲಿ ಬೇರೆ ಬೇರೆ. ಒಂದೇ ಡ್ರೈವರ್ ಹೆಸರು ಮತ್ತೆ ಮತ್ತೆ ಬಂದರೆ ಆ ಡ್ರೈವರ್ ತೆಗೆದು ಹೊಸದು ಹಾಕಬಹುದು. ಪ್ರತಿ ಸಲ ಬೇರೆ ಹೆಸರು ಬಂದರೆ ಅವರ್‍ಯಾರೂ ಕಳ್ಳರಲ್ಲ, ಅವರೆಲ್ಲ ನಿಂತ ನೆಲವೇ ಅಲುಗಾಡುತ್ತಿದೆ ಅಂತ, ಅಂದರೆ ರ್‍ಯಾಮ್. ಐದರಲ್ಲಿ ಮೊದಲನೆಯದರ ತಾರೀಕು ಜನವರಿ. ದೀಪಾವಳಿಗೆ ಹಾಕಿಸಿದ ಆ ಸೆಕೆಂಡ್ ಹ್ಯಾಂಡ್ ರ್‍ಯಾಮ್ ಮೇಲೇ ನನ್ನ ಅನುಮಾನ.

ಹೊಸ ವಿಂಡೋಸ್ 11ರಲ್ಲಿ ಈ ನೀಲಿ ಸ್ಕ್ರೀನನ್ನೇ ಕಪ್ಪು ಮಾಡಿದ್ದಾರೆ. ಇದನ್ನು ಓದುವ ಬೇರೆಯವರು ಕಪ್ಪಾಯಿತು ಅಂದಾಗ ಅದರ ಮೇಲೆ ಅಕ್ಷರ ಇತ್ತಾ ಇಲ್ಲವಾ ನೋಡಿಕೊಳ್ಳಿ.

ಬೆಸುಗೆಕಡ್ಡಿ · ಶುಕ್ರವಾರ ರಾತ್ರಿ 9:15

ತಮ್ಮ, ಸರಿಯಾಗಿ ಹಿಡಿದೆ. ಅಕ್ಕಾವ್ರೆ, ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕಿಕೊಂಡು ರಾತ್ರಿಯಿಡೀ ಬಿಡ್ರಿ. ಬಿಟ್ಟಿ ಸಿಗುವುದರಲ್ಲಿ ನಾಲ್ಕು ಪಾಸ್ (ಪರೀಕ್ಷೆಯ ಸುತ್ತು) ಇರುತ್ತದೆ, ನಾಲ್ಕೂ ಮುಗಿಯಬೇಕು. ಒಂದು ಪಾಸ್ ನೋಡಿ ಸರಿ ಇದೆ ಅನ್ನಬೇಡ್ರಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ, ರ್‍ಯಾಮ್‌ನಲ್ಲಿ "ಸ್ವಲ್ಪ ಕೆಟ್ಟಿದೆ" ಅನ್ನುವುದು ಇಲ್ಲ.

ಹಂಚಿನಮನೆ · ಮುಂದಿನ ಗುರುವಾರ ಮಧ್ಯಾಹ್ನ 2:30

ಬರೆಯಲು ತಡವಾಯಿತು, ಎರಡು ಮದುವೆ ಕಾಗದ ಒಟ್ಟಿಗೆ ಬಂದಿದ್ದವು.

ಎಲೆಕ್ಟ್ರಿಷಿಯನ್ ಶನಿವಾರ ಬಂದಿದ್ದರು. ಮೇನ್ ಸ್ವಿಚ್ ಡಬ್ಬಿ ತೆರೆದರೆ ನ್ಯೂಟ್ರಲ್ ಕಟ್ಟುವ ಜಾಗ ಕಪ್ಪಗೆ ಸುಟ್ಟಿತ್ತು. ವಯರಿನ ಮೇಲಿನ ಪ್ಲಾಸ್ಟಿಕ್ ಕರಗಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ನಿಂತಿತ್ತು. ಸ್ಕ್ರೂ ಕೈಯಲ್ಲೇ ತಿರುಗುತ್ತಿತ್ತು. ಆ ಭಾಗ ಕತ್ತರಿಸಿ ಹೊಸ ಸ್ವಿಚ್ ಹಾಕಿದರು. ಪಂಪು ಶುರುವಾಗುವಾಗ ಅವರ ಮೀಟರಿನಲ್ಲಿ ಮೊದಲು 148 ತೋರಿಸಿತ್ತು, ಆಮೇಲೆ 187. ಬಲ್ಬು ಈಗಲೂ ಸ್ವಲ್ಪ ಮಂಕಾಗುತ್ತದೆ, ಮೊದಲಿನ ಹಾಗಲ್ಲ. ಕಂಪ್ಯೂಟರ್ ಪ್ಲಗ್ ಹಾಕುವ ಸ್ವಿಚ್ ಬೋರ್ಡಿಗೆ ಬರುವ ಅರ್ತ್ ವಯರ್ ಎಲ್ಲೂ ಕಟ್ಟೇ ಇರಲಿಲ್ಲ, ಗೋಡೆಯೊಳಗೆ ಸುಮ್ಮನೆ ಬಿದ್ದಿತ್ತು. ಅದನ್ನೂ ಕಟ್ಟಿದರು. ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಮಾವ ನೀರು ಬಿಟ್ಟರು. ಈಗ ಜುಮ್ ಅನ್ನುವುದಿಲ್ಲ, ಮಗಳೂ ಧೈರ್ಯವಾಗಿ ಮುಟ್ಟಿ ನೋಡಿದಳು. ವಯರಿಂಗ್‌ಮನೆ ಸರ್, ನೀವು ಕೇಳದೆ ಇದ್ದಿದ್ದರೆ ಅದು ಹಾಗೇ ಇರುತ್ತಿತ್ತು. ನಿಮ್ಮ ಉಪಕಾರ ಮರೆಯುವುದಿಲ್ಲ.

ರ್‍ಯಾಮ್ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. ಪರೀಕ್ಷೆ ಮಾಡುವ ಮೊದಲೇ ಎರಡೂ ರ್‍ಯಾಮ್ ತೆಗೆದು, ಬಂಗಾರದ ಬಣ್ಣದ ತುದಿಯನ್ನು ಮಗಳ ಬಿಳಿ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆ. ಯಾರೋ ಹಾಗೆ ಮಾಡಿದ್ದು ನೋಡಿದ್ದೆ. ರಬ್ಬರ್ ಕಪ್ಪಾಯಿತು. ನಾಲ್ಕು ದಿನ ಒಂದೂ ನೀಲಿ ಸ್ಕ್ರೀನ್ ಇಲ್ಲ. ಸರಿಯಾಯಿತು ಅಂತ ಖುಷಿಯಲ್ಲಿ ನಿನ್ನೆ 12 ಪುಟದ ಕರಪತ್ರಕ್ಕೆ ಕೂತೆ, ಬಂತು. ಅದೇ 26.

ಬೆಸುಗೆಕಡ್ಡಿ · ಗುರುವಾರ ಸಂಜೆ 5:40

ಅದರಲ್ಲಿ ಬೇಜಾರು ಏನಿಲ್ಲ, ರಬ್ಬರ್ ನಾವೂ ಉಜ್ಜುತ್ತೇವೆ. ಮಳೆ ಜಾಸ್ತಿ ಇರುವ ನಿಮ್ಮ ಕಡೆ ಅದರ ಮೇಲೆ ಪಾಚಿಯ ಹಾಗೆ ಕೂರುತ್ತದೆ, ಕೆಲವು ಸಲ ಅಷ್ಟೇ ಕಾರಣ ಇರುತ್ತದೆ. ಆದರೆ ಮೂರು ತಿಂಗಳಲ್ಲಿ ಐದು ಸಲ ಬರುವ ಕಾಯಿಲೆ ನಾಲ್ಕು ದಿನ ಬರಲಿಲ್ಲ ಅಂದರೆ ಅದು ವಾಸಿಯಾದ ಲೆಕ್ಕ ಅಲ್ಲ. ಈಗ ಟೆಸ್ಟ್ ಹಾಕ್ರಿ. ತಪ್ಪು ಬಂದರೆ ಒಂದು ರ್‍ಯಾಮ್ ತೆಗೆದು ಒಂದೇ ಇಟ್ಟು ನೋಡ್ರಿ, ಆಮೇಲೆ ಅದನ್ನೇ ಪಕ್ಕದ ಸ್ಲಾಟಿಗೆ ಹಾಕಿ ನೋಡ್ರಿ. ತಪ್ಪು ರ್‍ಯಾಮ್ ಜೊತೆ ಹೋದರೆ ರ್‍ಯಾಮ್ ಕೆಟ್ಟಿದೆ. ಸ್ಲಾಟ್ ಹತ್ತಿರವೇ ಉಳಿದರೆ ಬೋರ್ಡ್. ಆ ಅಂಗಡಿಯವರು ಬೋರ್ಡ್ ಅಂದದ್ದು ನಿಜವಾ ಅಂತ ಅಲ್ಲಿ ಗೊತ್ತಾಗುತ್ತದೆ.

ಹಂಚಿನಮನೆ · ಭಾನುವಾರ ಬೆಳಿಗ್ಗೆ 9:00

ಮೂರು ರಾತ್ರಿ ಬಿಟ್ಟೆ. ಮೊದಲ ರಾತ್ರಿ ಎರಡೂ ಇದ್ದವು. ಎರಡು ಪಾಸ್ ಸ್ವಚ್ಛ, ಮೂರನೆಯದರಲ್ಲಿ 6 ತಪ್ಪು. ಮಲಗುವ ಮುಂಚೆ ಒಂದು ಪಾಸ್ ನೋಡಿ ಎದ್ದುಹೋಗಿದ್ದರೆ ಸಿಗುತ್ತಲೇ ಇರಲಿಲ್ಲ. ಎರಡನೆಯ ರಾತ್ರಿ ಹಳೆಯ ರ್‍ಯಾಮ್ ಮಾತ್ರ, ಎರಡನೆಯ ಸ್ಲಾಟಿನಲ್ಲಿ. ನಾಲ್ಕೂ ಪಾಸ್ ಸರಿ. ಮೂರನೆಯ ರಾತ್ರಿ ಸೆಕೆಂಡ್ ಹ್ಯಾಂಡ್‌ದು ಮಾತ್ರ, ಮೊದಲ ಸ್ಲಾಟಿನಲ್ಲಿ, ಅಂದರೆ ಹಳೆಯದು ಇಷ್ಟು ವರ್ಷ ಕೂತಿದ್ದ ಜಾಗದಲ್ಲಿ. 11 ತಪ್ಪು.

ಬೋರ್ಡ್ ಹೋಗಿಲ್ಲ ಅಲ್ವಾ?

ಬೆಸುಗೆಕಡ್ಡಿ · ಭಾನುವಾರ ಬೆಳಿಗ್ಗೆ 10:20

ಹೋಗಿಲ್ಲ ಅಕ್ಕಾವ್ರೆ. ಬೋರ್ಡ್ ಗಟ್ಟಿ ಇದೆ.

ಆ ರ್‍ಯಾಮ್ ತೆಗೆದು ಪಕ್ಕಕ್ಕಿಡ್ರಿ, ಯಾರಿಗೂ ಮಾರಬೇಡ್ರಿ. ಸೀಸನ್ ಮುಗಿಯುವವರೆಗೆ 8 ಜಿಬಿಯಲ್ಲೇ ನಡೆಸ್ರಿ, ಕ್ರೋಮ್ ಒಂದನ್ನು ಮುಚ್ಚಿಟ್ಟರೆ ಕೋರೆಲ್‌ಗೆ ಸಾಕಾಗುತ್ತದೆ. ದುಡ್ಡು ಬಂದ ಮೇಲೆ ಮೊದಲು ಎಸ್‌ಎಂಪಿಎಸ್ ಬದಲಿಸ್ರಿ. ನಿಮಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, 450 ವ್ಯಾಟ್ ಧಾರಾಳ. ವ್ಯಾಟ್ ನೋಡಿ ತಗೊಳ್ಳಬೇಡ್ರಿ, ಇನ್‌ಪುಟ್ 100-240 ಬರೆದಿದೆಯಾ ನೋಡ್ರಿ. ಅಂಥದ್ದಕ್ಕೆ 187 ಅನ್ನುವುದು ಲೆಕ್ಕಕ್ಕೇ ಇಲ್ಲ.

ಕಡಲಬದಿ · ಭಾನುವಾರ ಬೆಳಿಗ್ಗೆ 11:00

ಯುಪಿಎಸ್ ಕೂಡ ಬೇಕಾಗುತ್ತದಾ ಸರ್, ಇನ್ವರ್ಟರ್ ಇದ್ದೂ? ನಮ್ಮ ಮನೆಗೂ ಕೇಳುತ್ತಿದ್ದೇನೆ.

ಬೆಸುಗೆಕಡ್ಡಿ · ಭಾನುವಾರ ಬೆಳಿಗ್ಗೆ 11:45

ದುಡ್ಡು ಇದ್ದರೆ 600 ವಿಎ ಒಂದು ಇಡಬಹುದು. ಅದರಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ ಇರುತ್ತದೆ, ಇಂಥ ಕಂಪ್ಯೂಟರಿಗೆ ಕಾಲು ಗಂಟೆ ಬಂದರೆ ಬಂತು. ಸೇವ್ ಮಾಡಿ ಆಫ್ ಮಾಡಲು ಅಷ್ಟು ಸಾಕು. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಅದರ ಹಿಂದೆ ಯುಪಿಎಸ್ ಹಾಕಬೇಡ್ರಿ. ಆ ಕರೆಂಟು ಸರಿ ಇಲ್ಲ ಅಂತ ಯುಪಿಎಸ್ ತನ್ನ ಬ್ಯಾಟರಿಯನ್ನೇ ತಿಂದುಕೊಂಡು ಕೂಗುತ್ತಾ ಇರುತ್ತದೆ. ಸೈನ್ ವೇವ್ ಇದ್ದರೆ ತೊಂದರೆ ಇಲ್ಲ.

ಕೆರೆಏರಿ · ಭಾನುವಾರ ಮಧ್ಯಾಹ್ನ 3:10

ನನ್ನದೂ ಇದೇ ಸಮಸ್ಯೆ, ಗೇಮ್ ಆಡುವಾಗ ಆಫ್ ಆಗುತ್ತದೆ. ರ್‍ಯಾಮ್ ಬದಲಿಸಲಾ?

ತುಂಗಾತೀರ · ಭಾನುವಾರ ಮಧ್ಯಾಹ್ನ 3:30

ಬೇಡ, ಇನ್ನೂ ಏನೂ ಬದಲಿಸಬೇಡಿ. ಗೇಮ್ ಆಡುವಾಗ ಮಾತ್ರ ಅಂದರೆ ಅದು ಬೇರೆ ಕಥೆ, ಗ್ರಾಫಿಕ್ಸ್ ಕಾರ್ಡ್ ಮತ್ತು ಬಿಸಿಯ ಕಡೆಯೂ ನೋಡಬೇಕು. ಈವೆಂಟ್ ವ್ಯೂವರ್ ತೆರೆದು ಕೋಡ್ ಬರೆದುಕೊಳ್ಳಿ, ಯಾವ ಹೊತ್ತಿಗೆ ಆಯಿತು ಅದೂ. ಹೊಸದಾಗಿ ಬೇರೆ ಪ್ರಶ್ನೆ ಹಾಕಿ, ನಾನೂ ಬಂದು ನೋಡುತ್ತೇನೆ.

ಹಂಚಿನಮನೆ · ಜೂನ್, ಮಂಗಳವಾರ ರಾತ್ರಿ 8:15

ಎಲ್ಲರಿಗೂ ತಿಳಿಸಬೇಕು ಅಂತ ಮತ್ತೆ ಬಂದೆ. ಕೆಟ್ಟ ರ್‍ಯಾಮ್ ತೆಗೆದು ಏಳು ವಾರ ಆಯಿತು. ನೀಲಿ ಸ್ಕ್ರೀನ್ ಒಂದೂ ಇಲ್ಲ. ಮೇ ತಿಂಗಳಲ್ಲಿ ಹೊಸ ಎಸ್‌ಎಂಪಿಎಸ್ ಹಾಕಿಸಿದೆ, 100-240ರದ್ದು. ಅದಾದ ಮೇಲೆ ಇನ್ವರ್ಟರನ್ನು ಮತ್ತೆ ನಾರ್ಮಲ್‌ಗೆ ಇಟ್ಟು ಒಂದು ವಾರ ನೋಡಿದೆ. ಪಂಪು ಹಾಕಿದಾಗ ಏನೂ ಆಗಲಿಲ್ಲ. ಕರೆಂಟು ಪೂರ್ತಿ ಹೋದಾಗ ಮಾತ್ರ ಎರಡು ಸಲ ರೀಸ್ಟಾರ್ಟ್ ಆಯಿತು. ಹಾಗಾಗಿ ಸ್ವಿಚ್ ಈಗ ಯುಪಿಎಸ್ ಕಡೆಗೇ ಇದೆ. ಜಾಯಿಂಟ್ ಸರಿಯಾದ ಮೇಲೆ ಸಂಜೆ ವೋಲ್ಟೇಜ್ 190ರ ಮೇಲೇ ಇರುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತಿದೆ.

ಮಳೆ ಹಿಡಿದಿದೆ. ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೂ ಇಂಟರ್ನೆಟ್ ವಯರನ್ನೂ ಕಿತ್ತಿಡುತ್ತೇನೆ. ವಯರಿಂಗ್‌ಮನೆ ಸರ್, ಮೇನ್ ಸ್ವಿಚ್ ಪಕ್ಕದಲ್ಲಿ ಹಾಕುವ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬಗ್ಗೆ ಮಾವ ಕೇಳುತ್ತಿದ್ದಾರೆ. ಮನೆಗೆ 30 ಮಿಲಿಆಂಪ್ಸ್‌ದು ಸಾಕಾ?

ವಯರಿಂಗ್‌ಮನೆ · ಮಂಗಳವಾರ ರಾತ್ರಿ 9:05

ಸಾಕು ಮೇಡಂ, ಮನೆಯಲ್ಲಿ ಜನರ ಜೀವ ಕಾಪಾಡಲು 30 ಮಿಲಿಆಂಪ್ಸ್‌ದೇ ಹಾಕಬೇಕು. ಬಾವಿಯ ಪಂಪಿನ ಲೈನೂ ಅದರ ಒಳಗೆ ಬರಲಿ, ಅಲ್ಲೇ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವುದು. ಇನ್ವರ್ಟರ್ ಇರುವ ಮನೆಯಲ್ಲಿ ನ್ಯೂಟ್ರಲ್ ತಪ್ಪಾಗಿ ಸೇರಿಸಿದ್ದರೆ ಅದು ಸುಮ್ನೆ ಸುಮ್ನೆ ಟ್ರಿಪ್ ಆಗುತ್ತದೆ, ಹಾಕುವವರಿಗೆ ಇನ್ವರ್ಟರ್ ಇದೆ ಅಂತ ಮೊದಲೇ ಹೇಳಿ. ಹಾಕಿದ ಮೇಲೆ ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ ನೋಡಲು ಮಾವನಿಗೆ ಹೇಳಿಡಿ.